ಶಾಲೆಯ ದಿನಗಳನ್ನು ನೆನೆದರೆ ನಿಮಗೆ ಖುಷಿಯಾಗುತ್ತದೆಯೋ, ಬೇಸರವೋ?

ಎರಡೂ ಆಗುತ್ತದೆ. ಆದರೆ ಬೇಸರಕ್ಕೆ ಮೇಷ್ಟ್ರು ಕಾರಣರಲ್ಲ, ನಾನೇ.

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಎರಡು ಕೋಣೆಯ ಸರ್ಕಾರಿ ಶಾಲೆ, ಒಂದರಿಂದ ನಾಲ್ಕನೇ ಕ್ಲಾಸು, ಇಬ್ಬರು ಮೇಷ್ಟ್ರು. ಖುಷಿಯ ಮಾತು ಮೊದಲು ಹೇಳಿಬಿಡುತ್ತೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಬೋರ್ಡಿಗೆ ಕಪ್ಪು ಬಳಿಯುವ ಕೆಲಸ ನಮ್ಮದು. ಹಳೇ ಟಾರ್ಚಿನ ಸೆಲ್ಲು ಒಡೆದು, ಒಳಗಿನ ಕಪ್ಪು ಪುಡಿಯನ್ನು ತೊಂಡೆ ಸೊಪ್ಪಿನ ಜೊತೆ ಕಲ್ಲಿನ ಮೇಲೆ ಅರೆದು, ಹಳೇ ಬಟ್ಟೆಯಲ್ಲಿ ಅದ್ದಿ ಬಳಿಯಬೇಕು. ಬೋರ್ಡಿಗಿಂತ ಹೆಚ್ಚು ಕಪ್ಪು ನಮ್ಮ ಕೈಗೆ, ಚಡ್ಡಿಗೆ. ಸಂಜೆ ಸಾಲಾಗಿ ನಿಂತು ಮಗ್ಗಿ. ಒಬ್ಬ ಹೇಳಬೇಕು, ಮಿಕ್ಕವರು ಕೂಗಬೇಕು. ಈಗಲೂ ಅಂಗಡಿಯಲ್ಲಿ ಲೆಕ್ಕ ಹಾಕುವಾಗ 'ಹದಿಮೂರೇಳ್ಲ ತೊಂಬತ್ತೊಂದು' ಅದೇ ರಾಗದಲ್ಲಿ ಬಾಯಿಗೆ ಬರುತ್ತದೆ. ಪಕ್ಕದಲ್ಲಿದ್ದವರು ತಿರುಗಿ ನೋಡುತ್ತಾರೆ.

ಇನ್ನು ಇನ್ನೊಂದು ಕಥೆ.

1995ರಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆ ತಂದಿತ್ತು. ಪ್ರಾಥಮಿಕ ಶಾಲೆಯ ಮಗುವಿಗೆ ತಿಂಗಳಿಗೆ 3 ಕೆಜಿ ಧಾನ್ಯ, ಹಾಜರಿ ಮಾತ್ರ ಶೇಕಡಾ 80 ಇರಬೇಕು. ನಮಗೆ ಸಿಗುತ್ತಿದ್ದದ್ದು ಅಕ್ಕಿ. ಮೂರು ಕೆಜಿ ಅಕ್ಕಿ ಏನು ಮಹಾ ಅನ್ನಬೇಡಿ. ನಮ್ಮ ಕಡೆ ಎರಡು ಹೊತ್ತೂ ಮುದ್ದೆ, ಅನ್ನ ಅಂದರೆ ಹಬ್ಬಕ್ಕೆ, ನೆಂಟರು ಬಂದರೆ, ಇಲ್ಲಾ ಜ್ವರ ಬಂದರೆ. ತಿಂಗಳಿಗೊಮ್ಮೆ ಶಾಲೆಯ ಜಗಲಿಯಲ್ಲಿ ಅಕ್ಕಿ ಅಳೆಯುವ ದಿನ ಅವ್ವಂದಿರೆಲ್ಲ ಚೀಲ ಹಿಡಿದು ನಿಂತಿರುತ್ತಿದ್ದರು.

1997ರಲ್ಲಿ ನಾನು ನಾಲ್ಕನೇ ಕ್ಲಾಸಿನ ಮಾನಿಟರ್. ಮೇಷ್ಟ್ರು ಒಂದನೇ, ಎರಡನೇ ಕ್ಲಾಸಿನ ಮಕ್ಕಳನ್ನು ತಿದ್ದಿಸುವ ಹೊತ್ತಿಗೆ, ನಮ್ಮಲ್ಲಿ ಯಾರು ಬಂದಿಲ್ಲ ಅಂತ ನಾನು ಬೋರ್ಡಿನ ಮೂಲೆಯಲ್ಲಿ ಹೆಸರು ಬರೆಯಬೇಕು. ಸಂಜೆ ಅವರು ಅದನ್ನೇ ನೋಡಿ ಹಾಜರಿ ಪುಸ್ತಕ ತುಂಬುತ್ತಿದ್ದರು. ಹತ್ತು ವರ್ಷದ ಹುಡುಗನ ಕೈಗೆ ಊರಿನ ಅಕ್ಕಿ ಕೊಟ್ಟ ಹಾಗಾಯಿತು. ಆಗ ಅದು ನನಗೆ ಗೊತ್ತಿರಲಿಲ್ಲ ಅಂತ ಬರೆಯಬಹುದಿತ್ತು. ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು.

ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಅಪ್ಪ ಇರಲಿಲ್ಲ. ರಾಗಿ ಕೊಯ್ಲು ಬಂತೆಂದರೆ ಅವನ ಅವ್ವ ಕೂಲಿಗೆ, ಅವನು ದನದ ಹಿಂದೆ. "ನನ್ ಹೆಸ್ರು ಬರೀಬ್ಯಾಡ ಕಣ್ಲಾ" ಅಂತ ಆರು ಗೋಲಿ ಕೊಟ್ಟ. ನಾನು ಬರೆಯಲಿಲ್ಲ. ಎರಡು ವಾರ ನಡೆಯಿತು. ಆಮೇಲೆ ಒಂದು ಭಾನುವಾರ ಬುಗುರಿ ಆಡುವಾಗ ಜಗಳ ಆಯಿತು, ನನ್ನ ಬುಗುರಿಗೆ ಅವನು ಗುನ್ನ ಹೊಡೆದು ಸೀಳಿಬಿಟ್ಟ. ಸೋಮವಾರದಿಂದ ದಿನಾ ಅವನ ಹೆಸರನ್ನೇ ಮೊದಲು ಬರೆದೆ, ದುಂಡಗೆ.

ಅಕ್ಕಿಯ ದಿನ ಅವನ ಅವ್ವ ಬಂದಳು. ಮೇಷ್ಟ್ರು ಪುಸ್ತಕ ತಿರುವಿ, "ಈ ತಿಂಗ್ಳು ಹಾಜರಿ ಸಾಲ್ದು ಕಣಮ್ಮ" ಅಂದರು. ಅವಳು ಏನೂ ಕೇಳಲಿಲ್ಲ. ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಿಗಿಟ್ಟುಕೊಂಡು ಹೊರಟಳು. ಮಾರನೇ ದಿನ ಮೇಷ್ಟ್ರು ಅವನಿಗೆ ಹುಣಸೇ ಬರಲಿನಲ್ಲಿ ಬಾರಿಸಿದರು. ಆ ಬರಲು ಮುರಿದು ತಂದವನೂ ಮಾನಿಟರೇ. ನಾಲ್ಕು ಮುಗಿದ ಮೇಲೆ ಅವನು ಪಕ್ಕದೂರಿನ ಶಾಲೆಗೆ ಸೇರಲಿಲ್ಲ.

ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಒಂದು ಮಾತು ಬರುತ್ತದೆ: ಮೇಷ್ಟ್ರು ಹೊಡೆದದ್ದಕ್ಕೇ ನಾವು ಮನುಷ್ಯರಾದೆವು, ಈಗಿನ ಮಕ್ಕಳಿಗೆ ಭಯವೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದ್ದು ಇವರ ಪಾಲಿಗೆ ದೊಡ್ಡ ತಪ್ಪು. ಕೆಳಗೆ ಕೈ ಮುಗಿಯುವ ಚಿತ್ರಗಳು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಈ ಮಾತು ಹೇಳುವವರೆಲ್ಲ ಹೈಸ್ಕೂಲು ದಾಟಿದವರು. ಏಟು ತಿಂದು ಬಿಟ್ಟುಹೋದವರು ಆ ಗುಂಪಿನಲ್ಲಿ ಒಬ್ಬರೂ ಇಲ್ಲ, ಅವರನ್ನು ಕೇಳಿದವರೂ ಇಲ್ಲ. ಮೇಷ್ಟ್ರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನನಗೆ ಜ್ವರ ಬಂದಾಗ ಸೈಕಲ್ಲಿನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದೊಯ್ದವರೂ ಅವರೇ.

ಹೋದ ವರ್ಷ ಊರ ಜಾತ್ರೆಯಲ್ಲಿ ಗೆಳೆಯ ಸಿಕ್ಕ. ಟ್ರ್ಯಾಕ್ಟರ್ ಓಡಿಸುತ್ತಾನೆ. ಮಗಳು ಅದೇ ಶಾಲೆಗೆ ಹೋಗುತ್ತಾಳಂತೆ. ಈಗ ಅಲ್ಲೇ ಬಿಸಿಯೂಟ, ಚೀಲ ಹಿಡಿದು ಯಾರೂ ನಿಲ್ಲಬೇಕಾಗಿಲ್ಲ. ಕಾಫಿ ಕುಡಿಯುತ್ತಾ ತಡವರಿಸಿಕೊಂಡು ಹಾಜರಿಯ ವಿಷಯ ಎತ್ತಿದೆ. "ಅವೆಲ್ಲಾ ಯಾರಿಗ್ ಗ್ಯಾಪ್ಕ ಐತಲಾ, ಬಿಡು" ಅಂದ.

"ಆರು ಗೋಲಿ ಕೊಟ್ಟಿದ್ದೆ ನೀನು" ಅಂದೆ.

ಲೋಟ ಕೆಳಗಿಟ್ಟ. "ಏಳು. ಒಂದು ದಪ್ಪಂದು."