ಸ್ಟಾಕ್ ಕಾರ್ ರೇಸಿಗೆ ಒಳ್ಳೆಯ ಟ್ರ್ಯಾಕ್ ಅಂದರೆ ಎಂಥದ್ದು?

ನೇರವಾಗಿ ಹೇಳುವುದಾದರೆ, ಟೈರ್ ಸವೆಸುವ ಟ್ರ್ಯಾಕೇ ಒಳ್ಳೆಯ ಟ್ರ್ಯಾಕ್. ಸ್ಟಾಕ್ ಕಾರ್ ಅಂದರೆ ನೋಡಲು ನಾವು ಓಡಿಸುವ ಕಾರಿನಂತೆಯೇ ಇರುವ ರೇಸ್ ಕಾರು. ಅಮೆರಿಕದ ನಾಸ್ಕಾರ್ ರೇಸುಗಳಲ್ಲಿ ಇವುಗಳ ವೇಗ ಹೆಚ್ಚುಕಮ್ಮಿ ಒಂದೇ. ಹಾಗಿದ್ದ ಮೇಲೆ ಒಬ್ಬರನ್ನೊಬ್ಬರು ಹಿಂದೆ ಹಾಕುವುದು ಕಷ್ಟ, ಅಲ್ವಾ? ಆ ದಾರಿ ತೆರೆಯುವುದು ಟೈರ್ ಸವೆತ.

ದಕ್ಷಿಣ ಕೆರೊಲಿನಾದ ಡಾರ್ಲಿಂಗ್ಟನ್ ನೋಡಿ. 1950ರಿಂದ ಅಲ್ಲಿ ರೇಸ್ ನಡೆಯುತ್ತಿದೆ. ಅಲ್ಲಿನ ಡಾಂಬರು ಸ್ಯಾಂಡ್ ಪೇಪರಿನಷ್ಟು ಒರಟು. ಪ್ರತಿ ಸುತ್ತಿಗೂ ರಬ್ಬರ್ ಸವೆದು ಹಿಡಿತ ಕಮ್ಮಿಯಾಗುತ್ತದೆ. ಶುರುವಲ್ಲೇ ಜೋರಾಗಿ ನುಗ್ಗಿದ ಕಾರು ಆಮೇಲೆ ತಿರುವಿನಲ್ಲಿ ಜಾರತೊಡಗುತ್ತದೆ. ಟೈರ್ ಉಳಿಸಿಕೊಂಡು ಬಂದ ಚಾಲಕ ಆಗ ಮುಂದೆ ಹೋಗುತ್ತಾನೆ. ಹೊಸದಾಗಿ ಹಾಸಿದ ನುಣುಪಾದ ಡಾಂಬರಿನ ಮೇಲೆ ಹೀಗಾಗುವುದು ಅಪರೂಪ. ಸುಮ್ನೆ ಸಾಲಾಗಿ ಓಡುತ್ತಾರೆ, ಅಷ್ಟೆ.

ಡಾರ್ಲಿಂಗ್ಟನ್‌ಗೆ ಇನ್ನೊಂದು ಬಲವಿದೆ, ಅದರ ಮೊಟ್ಟೆಯಾಕಾರ. ಜಾಗ ಮಾರಿದವರು ತಮ್ಮ ಮೀನಿನ ಹೊಂಡ ಮುಟ್ಟಬಾರದು ಎಂದಿದ್ದರಂತೆ, ಅದಕ್ಕೇ ಒಂದು ತುದಿ ಕಿರಿದಾಯಿತು. ಒಂದು ತುದಿಯ ತಿರುವುಗಳು 25 ಡಿಗ್ರಿ ಓರೆ, ಇನ್ನೊಂದರಲ್ಲಿ 23. ಒಂದು ತುದಿಗೆ ಸರಿಹೊಂದುವಂತೆ ಕಾರು ಸಿದ್ಧಮಾಡಿದರೆ ಇನ್ನೊಂದು ತುದಿಯಲ್ಲಿ ಅದು ಮಾತು ಕೇಳುವುದಿಲ್ಲ. ವೇಗ ಬೇಕೆಂದರೆ ಹೊರಗೋಡೆಗೆ ಕೂದಲೆಳೆಯಷ್ಟು ಹತ್ತಿರ ಓಡಿಸಬೇಕು. ಸ್ವಲ್ಪ ತಪ್ಪಿದರೂ ಬಲಬದಿಯ ಬಣ್ಣ ಉದ್ದಕ್ಕೂ ಕೆರೆದುಹೋಗುತ್ತದೆ. ಆ ಗೀರಿಗೆ ‘ಡಾರ್ಲಿಂಗ್ಟನ್ ಸ್ಟ್ರೈಪ್’ ಎಂದೇ ಹೆಸರು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಟ್ರ್ಯಾಕ್ ಇಲ್ಲ.