ಹಳೆಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರಬೇಕಾದರೆ ಯಾವ ಲಿನಕ್ಸ್ ಹಾಕಬೇಕು?

ವಿಂಡೋಸ್ 10ಕ್ಕೆ ಬೆಂಬಲ ನಿಂತಿತೆಂದು ಉಬುಂಟು ಎಂಬ ಲಿನಕ್ಸ್ ಹಾಕಿದಿರಿ, ವೈಫೈ ಕಾಣುತ್ತಿಲ್ಲ, ಈಗ ಮಿಂಟ್ ಹಾಕಲೇ ಫೆಡೋರಾ ಹಾಕಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಪ್ರಶ್ನೆಯ ನಡುವೆ ಒಂದು ಸಾಲು ಬರೆದು, ಅದಕ್ಕೆ ಮಹತ್ವವೇ ಇಲ್ಲವೆಂಬಂತೆ ಮುಂದೆ ಹೋಗಿದ್ದೀರಿ: ‘ಮೊದಲ ಸಲ ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬಂತು, ಎಂಟರ್ ಒತ್ತಿದೆ, ಹೋಯಿತು.’ ನಿಮ್ಮ ವೈಫೈ ಹೋದದ್ದು ಬಹುಶಃ ಆ ಎಂಟರ್‌ನಿಂದಲೇ. ನನ್ನದಂತೂ ಹಾಗೆಯೇ ಹೋಗಿತ್ತು.

2022ರಲ್ಲಿ ನಾನು ಇಳಕಲ್‌ನ ಒಂದು ಗ್ರಾನೈಟ್ ಪಾಲಿಶ್ ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಇಳಕಲ್ ಎಂದೊಡನೆ ಎಲ್ಲರೂ ಸೀರೆಯ ಮಾತೆತ್ತುತ್ತಾರೆ. ಅಲ್ಲಿನ ಕೆಂಪು ಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುವುದು ಸೀರೆ ಕೊಳ್ಳಲು ಬಂದವರಿಗೆ ತಿಳಿದಿರುವುದಿಲ್ಲ. ಕಚೇರಿಯಲ್ಲಿದ್ದದ್ದು 2014ರ ಆಸುಪಾಸಿನ ಲ್ಯಾಪ್‌ಟಾಪ್, ನಾಲ್ಕು ಜಿಬಿ ರ್‍ಯಾಮ್, ಹಳೆಯ ಕಾಲದ ತಿರುಗುವ ಹಾರ್ಡ್‌ಡಿಸ್ಕ್. ಬೆಳಿಗ್ಗೆ ಗುಂಡಿ ಒತ್ತಿ ಚಹಾ ಕುಡಿದು ಬಂದರೂ ವಿಂಡೋಸ್ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಹೊಸದು ಕೊಡಿಸಿ ಎಂದರೆ ಸಾಹುಕಾರರು, ‘ಕಲ್ಲು ಕೊಯ್ಯುವ ಬ್ಲೇಡಿಗೇ ದುಡ್ಡು ಸಾಲುತ್ತಿಲ್ಲ, ಇದ್ದದ್ದರಲ್ಲೇ ನಡೆಸಪ್ಪ’ ಎನ್ನುತ್ತಿದ್ದರು. ಇದ್ದದ್ದರಲ್ಲೇ ನಡೆಸಲು ಉಬುಂಟು 22.04 ಹಾಕಿದೆ.

ಲ್ಯಾಪ್‌ಟಾಪ್ ಹಗುರಾಯಿತು. ಲಿಬ್ರೆ ಆಫೀಸ್ ಚಕಚಕನೆ ತೆರೆಯಿತು, ಯಾರೂ ಹೇಳದೆಯೇ ಪ್ರಿಂಟರ್ ಗುರುತು ಹಿಡಿಯಿತು. ವೈಫೈ ಸೆಟ್ಟಿಂಗ್‌ನಲ್ಲಿ ಮಾತ್ರ ‘ನೋ ವೈಫೈ ಅಡಾಪ್ಟರ್ ಫೌಂಡ್’ ಎಂಬ ಒಂದೇ ಸಾಲು. ಕೇಬಲ್ ಚುಚ್ಚೋಣವೆಂದರೆ ಲ್ಯಾನ್ ಕಿಂಡಿಯಲ್ಲಿ ವರ್ಷಗಟ್ಟಲೆ ಕೂತ ಕಲ್ಲಿನ ಹುಡಿ ಗಟ್ಟಿಯಾಗಿ, ಪಿನ್ ಒಳಗೇ ಹೋಗುತ್ತಿರಲಿಲ್ಲ. ಹೊರಗೆ ಲಾರಿಗೆ ಸ್ಲ್ಯಾಬ್ ಹೇರಿ ಆಗಿತ್ತು. ಐವತ್ತು ಸಾವಿರ ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಎಂಬ ಸಾಗಣೆ ಪತ್ರ ಇಲ್ಲದೆ ಲಾರಿ ಹೊರಡುವಂತಿಲ್ಲ. ಚಾಲಕ ಕಿಟಕಿಯಿಂದ ಇಣುಕಿ, ‘ಅಣ್ಣಾ, ಕಾಗದ ಆಯಿತೇ?’ ಎಂದು ಕೇಳುತ್ತಲೇ ಇದ್ದ. ಕಡೆಗೆ ಮೊಬೈಲ್‌ನ ಪುಟ್ಟ ಪರದೆಯಲ್ಲಿ ಜಾಲತಾಣ ತೆರೆದು, ಹೆಬ್ಬೆರಳಿನಿಂದ ಎಚ್‌ಎಸ್‌ಎನ್ ಎಂಬ ಸರಕಿನ ಸಂಕೇತ ಸಂಖ್ಯೆ ಒತ್ತಿ ಬಿಲ್ ತೆಗೆದೆ. ಅದೇ ಮೊಬೈಲ್‌ನಿಂದ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಕೊಡಬಹುದೆಂಬುದು ಆಗ ಹೊಳೆಯಲಿಲ್ಲ.

ಆಮೇಲೆ ನಾನು ಮಾಡಿದ್ದು ಈಗ ನೀವು ಮಾಡಹೊರಟಿರುವುದನ್ನೇ. ಉಬುಂಟು ಸರಿಯಿಲ್ಲವೆಂದು ಮಿಂಟ್ ಹಾಕಿದೆ. ಮಿಂಟ್‌ನಲ್ಲೂ ಇಲ್ಲ. ಫೆಡೋರಾ ಹಾಕಿದೆ, ಅಲ್ಲಿಯೂ ಇಲ್ಲ. ಮತ್ತೆ ಉಬುಂಟುವಿಗೇ ಬಂದೆ. ಪ್ರತಿ ಸಲವೂ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯ ಹಳೆಯ ಕಡತಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಡುವುದು, ಡಿಸ್ಕ್ ಅಳಿಸುವುದು, ಕೀಬೋರ್ಡ್‌ಗೆ ಕನ್ನಡ ಸೇರಿಸುವುದು. ವೈಫೈ ಕಾರ್ಡೇ ಸುಟ್ಟಿದೆ ಎಂದು ಸಾಹುಕಾರರಿಗೆ ಹೇಳಿಯೂ ಬಿಟ್ಟಿದ್ದೆ.

ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದುತ್ತಿದ್ದ ಅಕ್ಕನ ಮಗ ರಜೆಗೆ ಬಂದಿದ್ದ. ಅವನು ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ, ತೆರೆದು ‘ಸೂಡೊ ಮಾಡ್‌ಪ್ರೋಬ್ ಡಬ್ಲ್ಯುಎಲ್’ ಎಂದು ಹೊಡೆದ; ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ಅಂದರೆ ಡ್ರೈವರ್ ಅನ್ನು, ಎಬ್ಬಿಸುವ ಆದೇಶ ಅದು. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಉತ್ತರ ಬಂತು. ನನ್ನತ್ತ ತಿರುಗಿ, ‘ಮಾಮಾ, ಉಬುಂಟು ಹಾಕಿದ ಮೇಲೆ ನೀಲಿ ಪರದೆ ಬಂದಿತ್ತೇ? ಅದರಲ್ಲಿ ಏನು ಒತ್ತಿದಿರಿ?’ ಎಂದ. ಎಂಟರ್ ಒತ್ತಿದೆ ಎಂದೆ. ಹುಡುಗ ನಗಲಿಲ್ಲ, ಅಷ್ಟು ಮರ್ಯಾದೆ ಉಳಿಸಿದ.

ಆ ನೀಲಿ ಪರದೆಯ ವಿಷಯವನ್ನು ಉದ್ದಕ್ಕೇ ಹೇಳುತ್ತೇನೆ, ಬೇಸರಿಸಬೇಡಿ. ಎಲ್ಲರೂ ಎಡವುವುದು ಅಲ್ಲಿಯೇ.

ವಿಂಡೋಸ್ 8ರ ಕಾಲದಿಂದ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಏರ್ಪಾಡು ಇರುತ್ತದೆ. ಯಂತ್ರ ಏಳುವಾಗ, ನಂಬಿಕಸ್ಥರ ಸಹಿ ಇರುವ ತಂತ್ರಾಂಶವನ್ನು ಮಾತ್ರ ಒಳಗೆ ಬಿಡುವುದು ಅದರ ಕೆಲಸ. ಉಬುಂಟುವಿನ ಮೊದಲ ಮೆಟ್ಟಿಲಾದ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಮ್‌ಗೆ ಮೈಕ್ರೋಸಾಫ್ಟ್‌ನ ಸಹಿ ಇದೆ. ಶಿಮ್ ಒಳಗೆ ಉಬುಂಟುವಿನ ಕೀಲಿ ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೂ ಅದರ ಜೊತೆಗೇ ಬರುವ ಡ್ರೈವರ್‌ಗಳಿಗೂ ಉಬುಂಟುವಿನ ಸಹಿ ಇರುತ್ತದೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ನನ್ನ ಕಾರ್ಡು ಬ್ರಾಡ್‌ಕಾಮ್ ಬಿಸಿಎಂ43142. ಆ ಕಂಪನಿ 2010ರಲ್ಲಿ ಕೆಲವು ಚಿಪ್‌ಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿತಾದರೂ ಈ ಚಿಪ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಕರ್ನಲ್‌ನಲ್ಲಿ ಇದಕ್ಕೆ ಡ್ರೈವರ್ ಇಲ್ಲ. ‘ಡಬ್ಲ್ಯುಎಲ್’ ಎಂಬ ಮುಚ್ಚಿದ, ಅಂದರೆ ಕಂಪನಿ ತನ್ನ ಮೂಲ ಕೋಡ್ ತೋರಿಸದ, ಡ್ರೈವರ್ ಒಂದೇ ಗತಿ. ಅದನ್ನು ‘ಡಿಕೆಎಂಎಸ್’ ಎಂಬ ಉಪಕರಣ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ, ನಿಮ್ಮ ಕರ್ನಲ್‌ಗೆ ಹೊಂದುವಂತೆ ಕಟ್ಟುತ್ತದೆ. ನಿಮ್ಮ ಮನೆಯಲ್ಲಿ ಕಟ್ಟಿದ್ದಕ್ಕೆ ಉಬುಂಟು ಎಲ್ಲಿಂದ ಸಹಿ ಹಾಕೀತು? ನಮ್ಮ ಯಾರ್ಡ್‌ನಲ್ಲೇ ಕೊಯ್ದ ಕಲ್ಲಾದರೂ ಗೇಟ್ ಪಾಸ್ ಇಲ್ಲದೆ ಕಾವಲುಗಾರ ಲಾರಿಯನ್ನು ಬಿಡುವುದಿಲ್ಲವಲ್ಲ, ಹಾಗೆ.

ಅದಕ್ಕಾಗಿ ಉಬುಂಟು ನಿಮ್ಮ ಯಂತ್ರದಲ್ಲೇ ಒಂದು ಹೊಸ ಕೀಲಿ ಹುಟ್ಟಿಸಿ, ಅದರಿಂದ ಡ್ರೈವರ್‌ಗೆ ಸಹಿ ಹಾಕುತ್ತದೆ. ಇದಕ್ಕೆ ‘ಮೋಕ್’, ಅಂದರೆ ಯಂತ್ರದ ಒಡೆಯನ ಕೀಲಿ ಎಂದು ಹೆಸರು. ಒಡೆಯ ನೀವೇ ಎಂದು ರುಜುವಾಗಬೇಕಲ್ಲ? ಅಳವಡಿಸುವಾಗ ಮೂರನೆಯವರ ಡ್ರೈವರ್‌ಗಳೂ ಬೇಕೆಂಬ ಚೌಕಕ್ಕೆ ಗುರುತು ಹಾಕಿದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ನಾನೂ ಕೊಟ್ಟಿದ್ದೆ, ಯಾಕೆಂದು ಯೋಚಿಸಿರಲಿಲ್ಲ. ಮುಂದಿನ ಬೂಟ್‌ನಲ್ಲಿ, ಉಬುಂಟು ಏಳುವುದಕ್ಕೂ ಮೊದಲು, ನೀಲಿ ಪರದೆ ಬರುತ್ತದೆ. ಯಾವುದಾದರೂ ಕೀ ಒತ್ತಿ ಎಂದು ಹತ್ತು ಸೆಕೆಂಡು ಕಾಯುತ್ತದೆ. ಒತ್ತದಿದ್ದರೆ ತಾನೇ ಮುಂದೆ ಹೋಗಿಬಿಡುತ್ತದೆ. ಒತ್ತಿದರೆ ಒಂದು ಪಟ್ಟಿ ಬರುತ್ತದೆ; ಅದರ ಮೊದಲ ಸಾಲು ‘ಕಂಟಿನ್ಯೂ ಬೂಟ್’, ಎರಡನೆಯದು ‘ಎನ್‌ರೋಲ್ ಮೋಕ್’. ಎಂಟರ್ ಒತ್ತುವವನ ಕೈಗೆ ಸಿಗುವುದು ಮೊದಲನೆಯದೇ. ಅಲ್ಲಿಗೆ ಕೀಲಿ ನೋಂದಣಿಯಾಗಲಿಲ್ಲ, ಡ್ರೈವರ್ ಡಿಸ್ಕ್‌ನಲ್ಲಿ ಇದ್ದೂ ಕರ್ನಲ್ ಅದನ್ನು ಮುಟ್ಟುವುದಿಲ್ಲ. ಮುಂದಿನ ಸಲ ಆ ಪರದೆ ಬರುವುದೂ ಇಲ್ಲ, ನಿಮಗೆ ಯಾರೂ ಏನೂ ಹೇಳುವುದೂ ಇಲ್ಲ. ನೀಲಿ ಬಣ್ಣ ಕಂಡರೆ ವಿಂಡೋಸ್ ಕೆಟ್ಟಿತೆಂದು ಹೆದರಿ ಎಂಟರ್ ಒತ್ತುವುದನ್ನು ವರ್ಷಾನುಗಟ್ಟಲೆ ಕಲಿತವರು ನಾವು. ಆ ಪರದೆಗೆ ಬೇರೆ ಬಣ್ಣ ಕೊಟ್ಟಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು ಎಂಬುದು ನನ್ನ ದೂರು.

ಮಿಂಟ್‌ನಲ್ಲಿಯೂ ನಾನು ಅದೇ ಪರದೆಯಲ್ಲಿ ಅದೇ ಎಂಟರ್ ಒತ್ತಿದ್ದೆ. ಫೆಡೋರಾದಲ್ಲಿ ಆ ಪರದೆಯೂ ಬರಲಿಲ್ಲ, ಏಕೆಂದರೆ ಅದು ಮುಚ್ಚಿದ ಡ್ರೈವರ್ ಕೊಡುವುದೇ ಇಲ್ಲ. ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ತರಬೇಕು, ಕೀಲಿಯನ್ನೂ ಕೈಯಾರೆ ನೋಂದಾಯಿಸಬೇಕು. ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನಲ್ಲಿ 12ನೇ ಆವೃತ್ತಿಯಿಂದ ಅಳವಡಿಸುವ ಕಡತದಲ್ಲೇ ಮುಚ್ಚಿದ ಫರ್ಮ್‌ವೇರ್‌ಗಳು ಸೇರಿವೆ, ಅದು ಬಹಳ ಕಾರ್ಡುಗಳಿಗೆ ಒಳ್ಳೆಯದೇ. ಆದರೆ ಫರ್ಮ್‌ವೇರ್ (ಕಾರ್ಡಿನ ಒಳಗೇ ಓಡುವ ತಂತ್ರಾಂಶ) ಬೇರೆ, ಡ್ರೈವರ್ ಬೇರೆ. ಬಿಸಿಎಂ43142ಕ್ಕೆ ಅಲ್ಲಿಯೂ ಡಿಕೆಎಂಎಸ್ ದಾರಿಯೇ. ಆದ್ದರಿಂದ ‘ಯಾವ ಡಿಸ್ಟ್ರೊ’, ಅಂದರೆ ಯಾವ ಬಗೆಯ ಲಿನಕ್ಸ್, ಎಂಬ ಪ್ರಶ್ನೆಯನ್ನೇ ಬಿಡಿ. ಎಲ್ಲ ಡಿಸ್ಟ್ರೊಗಳಲ್ಲೂ ಇರುವುದು ಅದೇ ಲಿನಕ್ಸ್ ಕರ್ನಲ್, ಆವೃತ್ತಿಯಷ್ಟೇ ಹೆಚ್ಚುಕಡಿಮೆ. ಕೇಳಬೇಕಾದದ್ದು ‘ಯಾವ ಚಿಪ್’ ಎಂದು.

ಚಿಪ್ ತಿಳಿಯಲು ಟರ್ಮಿನಲ್‌ನಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದು ಸಣ್ಣ ಇಂಗ್ಲಿಷ್ ಅಕ್ಷರ ಹೊಡೆದು, ಜಾಗ ಬಿಟ್ಟು, ಅಡ್ಡಗೀಟು ಹಾಕಿ ಎನ್, ಎನ್, ಕೆ ಎಂದು ಸೇರಿಸಿ. ಉದ್ದದ ಪಟ್ಟಿ ಬರುತ್ತದೆ. ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿರುವ ಸಾಲಿನ ಕೊನೆಗೆ ಚೌಕ ಆವರಣದಲ್ಲಿ ಎರಡು ಸಂಖ್ಯೆಗಳಿರುತ್ತವೆ. ನನ್ನದು 14ಇ4:4365. ಮೊದಲ ಭಾಗ ತಯಾರಕರದು: 14ಇ4 ಎಂದರೆ ಬ್ರಾಡ್‌ಕಾಮ್, 10ಇಸಿ ಎಂದರೆ ರಿಯಲ್‌ಟೆಕ್, 8086 ಎಂದರೆ ಇಂಟೆಲ್. ಆ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಇದೆಯೇ ನೋಡಿ. ಅದು ಇಲ್ಲದೆ ಬರೀ ‘ಕರ್ನಲ್ ಮಾಡ್ಯೂಲ್ಸ್’ ಎಂಬ ಸಾಲಿನಲ್ಲಿ ‘ಡಬ್ಲ್ಯುಎಲ್’ ಇದ್ದರೆ, ಡ್ರೈವರ್ ಮನೆಯಲ್ಲಿದೆ, ಆದರೆ ಕೆಲಸಕ್ಕೆ ಹತ್ತಿಲ್ಲ. ನಿಮ್ಮ ಕಥೆ ನನ್ನದೇ ಆಗಿದ್ದರೆ ಹೀಗೆಯೇ ಕಾಣುತ್ತದೆ. ಮಾಡ್‌ಪ್ರೋಬ್ ಹೊಡೆದಾಗ ಕೀಲಿ ತಿರಸ್ಕೃತವಾಯಿತೆಂದೋ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದೋ ಬಂದರೆ ಸಂಶಯವೇ ಬೇಡ.

ಸರಿಪಡಿಸಲು ಹೆಚ್ಚು ಹೊತ್ತು ಬೇಡ. ‘ಸೂಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ’ ಎಂಬ ಆದೇಶಕ್ಕೆ ಎರಡು ಅಡ್ಡಗೀಟಿನೊಂದಿಗೆ ‘ಎನ್‌ರೋಲ್-ಕೀ’ ಸೇರಿಸಿ ಹೊಡೆಯಿರಿ. ಪಾಸ್‌ವರ್ಡ್ ಕೇಳುತ್ತದೆ, ಕನಿಷ್ಠ ಎಂಟು ಅಕ್ಷರ ಇರಲಿ. ಇದು ಒಂದೇ ಸಲ ಬಳಸಿ ಬಿಡುವಂಥದ್ದು, ಜಾಣತನ ತೋರಿಸಬೇಡಿ, ಸರಳವಾದದ್ದು ಕೊಡಿ. ನೀಲಿ ಪರದೆಯಲ್ಲಿ ಟೈಪ್ ಮಾಡುವಾಗ ಅಕ್ಷರವೂ ಕಾಣುವುದಿಲ್ಲ, ಚುಕ್ಕಿಯೂ ಕಾಣುವುದಿಲ್ಲ. ರೀಸ್ಟಾರ್ಟ್ ಮಾಡಿ, ಲ್ಯಾಪ್‌ಟಾಪ್ ಬಿಟ್ಟು ಕದಲಬೇಡಿ. ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ‘ರೀಬೂಟ್’, ಇದೇ ಕ್ರಮ. ಮುಂದೆ ಕರ್ನಲ್ ಬದಲಾದಾಗಲೂ ಅದೇ ಕೀಲಿಯಿಂದಲೇ ಸಹಿ ಬೀಳುತ್ತದೆ, ಪರದೆ ಮತ್ತೆ ಕಾಡುವುದಿಲ್ಲ.

ಬಯಾಸ್‌ಗೆ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗ್‌ಗೆ) ಹೋಗಿ ಸೆಕ್ಯೂರ್ ಬೂಟ್ ಅನ್ನೇ ಆಫ್ ಮಾಡಿಬಿಡಿ ಎಂದು ಇನ್ನು ಕೆಲವರು ಹೇಳುತ್ತಾರೆ. ಬರೀ ಲಿನಕ್ಸ್ ಇರುವ ಹಳೆಯ ಯಂತ್ರದಲ್ಲಿ ಅದೂ ನಡೆಯುತ್ತದೆ. ವಿಂಡೋಸ್ ಪಕ್ಕದಲ್ಲೇ ಇದ್ದು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ, ಅದು ರಿಕವರಿ ಕೀಲಿ ಕೇಳಿ ಕೂರಬಹುದು. ನನಗೆ ಆ ದಾರಿ ಹಿಡಿಸುವುದಿಲ್ಲ.

ಇದಿಷ್ಟೂ ಮಾಡಲು ಇಂಟರ್ನೆಟ್ ಬೇಕಾದರೆ ಮೊಬೈಲ್ ಅನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಒತ್ತಿ. ಉಬುಂಟು ಅದನ್ನು ತಂತಿಯ ಜಾಲವೆಂದೇ ತಿಳಿಯುತ್ತದೆ, ಡ್ರೈವರ್ ಹುಡುಕುವ ಕೆಲಸವಿಲ್ಲ. ಮೊಬೈಲ್ ಮನೆಯ ವೈಫೈಗೆ ಸೇರಿದ್ದರೆ ಅದನ್ನೇ ಹಂಚುತ್ತದೆ, ಡೇಟಾ ಖರ್ಚಾಗುವುದಿಲ್ಲ. ಲಾರಿ ನಿಲ್ಲಿಸಿಕೊಂಡು ಹೆಬ್ಬೆರಳು ಸವೆಸಿದವನಿಗೆ ಇದು ಎಷ್ಟು ಉರಿದಿರಬೇಕು, ನೀವೇ ಊಹಿಸಿ.

ವೈಫೈ ಬಂದ ಮೇಲೂ ನಮ್ಮ ಕಚೇರಿಯ ಒಂದು ಸಂಪರ್ಕ ಲ್ಯಾಪ್‌ಟಾಪ್‌ಗೆ ಕಾಣುತ್ತಿರಲಿಲ್ಲ. ಮತ್ತೆ ಡ್ರೈವರ್ ಬೈದೆ. ಈ ಚಿಪ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ, ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಕೂಗುತ್ತಿತ್ತು, ಅಷ್ಟೇ. ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕಾಣದಿದ್ದರೂ ಮೊದಲು ಇದನ್ನೇ ನೋಡಿ.

ಡ್ರೈವರ್ ಜಗಳವೇ ಬೇಡವೆಂದು ಹೊರಗಿನಿಂದ ಚುಚ್ಚುವ ಯುಎಸ್‌ಬಿ ವೈಫೈ ಡಾಂಗಲ್ ಕೊಳ್ಳಲು ಹೊರಟರೆ ಪೆಟ್ಟಿಗೆಯ ಮೇಲಿನ ಹೆಸರು ನಂಬಬೇಡಿ. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಚಿಪ್ ಇತ್ತು, ಲಿನಕ್ಸ್‌ನಲ್ಲಿ ಚುಚ್ಚಿದೊಡನೆ ನಡೆಯುತ್ತಿತ್ತು. ಎರಡನೆಯ ಆವೃತ್ತಿಯಿಂದ ಅದೇ ಹೆಸರಿನಲ್ಲಿ ರಿಯಲ್‌ಟೆಕ್ ಚಿಪ್ ಬಂದಿತು. ಅಂಗಡಿಯವನಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ, ‘ಎಲ್ಲದಕ್ಕೂ ನಡೆಯುತ್ತದೆ’ ಎನ್ನುತ್ತಾನೆ. ಒಳಗಿನ ಕಾರ್ಡನ್ನೇ ಬದಲಿಸುವವರು ಇಂಟೆಲ್ 7260 ಹುಡುಕಲಿ, ಮಿನಿ ಪಿಸಿಐ ಎಕ್ಸ್‌ಪ್ರೆಸ್ ಮತ್ತು ಎಂ.2 ಎರಡೂ ಆಕಾರಗಳಲ್ಲಿ ಸಿಗುತ್ತದೆ. ಕೊಳ್ಳುವ ಮೊದಲು ಲ್ಯಾಪ್‌ಟಾಪ್ ಬಿಚ್ಚಿ ಯಾವ ಆಕಾರವೆಂದು ಕಣ್ಣಾರೆ ನೋಡಿ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ ಹೊರಗಿನ ಕಾರ್ಡನ್ನು ಒಪ್ಪುವುದೇ ಇಲ್ಲ ಎಂಬುದೂ ನೆನಪಿರಲಿ.

ನಿಮ್ಮ ಸಂಖ್ಯೆ 10ಇಸಿ:ಸಿ821 ಎಂದು ಬಂದರೆ ಅದು ರಿಯಲ್‌ಟೆಕ್ 8821ಸಿಇ. ಅದರ ಡ್ರೈವರ್ 2020ರ ಅಕ್ಟೋಬರ್‌ನ ಕರ್ನಲ್ 5.9ರಿಂದ ಒಳಗೇ ಇದೆ, ಹೊಸ ಕರ್ನಲ್ ಹಾಕಿದರೆ ಮುಗಿಯಿತು. 8086 ಎಂದು ಶುರುವಾಗಿ, ಪಕ್ಕದಲ್ಲಿ ವಿಂಡೋಸ್ ಕೂಡ ಇದ್ದರೆ ಮೊದಲು ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ನೋಡಿ. ವಿಂಡೋಸ್ ಅರೆನಿದ್ದೆಯಲ್ಲಿ ಕಾರ್ಡನ್ನು ಹಿಡಿದುಕೊಂಡಿರುತ್ತದೆ. ಬೇರೇನಾದರೂ ಬಂದರೆ ಆ ಸಾಲನ್ನೂ ಅದರ ಕೆಳಗಿನ ಎರಡು ಸಾಲುಗಳನ್ನೂ ಹಾಗೆಯೇ ಇಲ್ಲಿ ಹಾಕಿ. ಲ್ಯಾಪ್‌ಟಾಪ್ ಕಂಪನಿಯ ಹೆಸರು, ಕೊಂಡ ಬೆಲೆ, ಸ್ಟಿಕರ್‌ನ ಫೋಟೊ ಯಾವುದೂ ಬೇಡ.