ಹಳೆಯ ಲ್ಯಾಪ್ ಸ್ಟೀಲ್‌ಗೆ ಹೊಸ ಬಿರಡೆ: ಕೊರೆಯುವ ಮೊದಲು ಅಳೆಯಿರಿ

ಪ್ರಶ್ನೆ: ನನ್ನ ಬಳಿ 1950ರ ದಶಕದ ಆರು ತಂತಿಯ ಲ್ಯಾಪ್ ಸ್ಟೀಲ್ ಗಿಟಾರ್ ಇದೆ, ತೊಡೆಯ ಮೇಲೆ ಮಲಗಿಸಿ ಸ್ಟೀಲ್ ಸರಳಿನಿಂದ ನುಡಿಸುವಂಥದ್ದು. ತಲೆಯ ಎರಡು ಬದಿಗೂ ಒಂದೊಂದು ಲೋಹದ ಪಟ್ಟಿ, ಪಟ್ಟಿಗೆ ಮೂರು ಬಿರಡೆ. ಎರಡು ಬಿರಡೆಗಳ ಪ್ಲಾಸ್ಟಿಕ್ ಗುಂಡಿ ಪುಡಿಯಾಗಿ ಉದುರಿದೆ. ಇಕ್ಕಳ ಹಿಡಿದು ತಿರುಗಿಸುತ್ತಿದ್ದೇನೆ. ಶ್ರುತಿಯೂ ನಿಲ್ಲುತ್ತಿಲ್ಲ. ತೂತುಗಳನ್ನು 10 ಮಿ.ಮೀ.ಗೆ ದೊಡ್ಡದು ಮಾಡಿಸಿ, ಹಲ್ಲುಚಕ್ರ ಒಳಗೆ ಮುಚ್ಚಿರುವ ಈಗಿನ ಬಿರಡೆಗಳನ್ನು ಹಾಕಿಸಬಹುದಾ?

ಉತ್ತರ: ದಯವಿಟ್ಟು ಡ್ರಿಲ್ ಮುಟ್ಟಬೇಡಿ, ಸದ್ಯಕ್ಕಂತೂ ಬೇಡ. ಎಪ್ಪತ್ತು ವರ್ಷ ಬಾಳಿದ ಮರ ಅದು. ಒಮ್ಮೆ ಕೊರೆದ ಮರ ಮತ್ತೆ ಬರುವುದಿಲ್ಲ. ಅದಕ್ಕೂ ಮೊದಲು ಒಂದು ಮಾತು: ಗುಂಡಿ ಉದುರುವುದು ಬೇರೆ, ಶ್ರುತಿ ಇಳಿಯುವುದು ಬೇರೆ. ಎರಡಕ್ಕೂ ಬಿರಡೆಯೇ ಕಾರಣ ಅಂತ ಈಗಲೇ ತೀರ್ಮಾನ ಮಾಡಬೇಡಿ.

ಹೀಗೆ ಪರೀಕ್ಷೆ ಮಾಡಿ. ತಂತಿಯನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಬಿರಡೆ ತಿರುಗಿದರೂ ಸ್ವರ ಕದಲದೆ, ಆಮೇಲೆ 'ಟಿಣ್' ಎಂದು ಒಮ್ಮೆಗೇ ಮೇಲಕ್ಕೆ ನೆಗೆದರೆ ತಂತಿ ನಟ್‌ನ ತೋಡಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ನಟ್ ಅಂದರೆ ತಲೆಯ ಬುಡದಲ್ಲಿ ತಂತಿಗಳು ಕೂರುವ ಎತ್ತರದ ಪಟ್ಟಿ. ಆ ತೋಡಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಅರ್ಧ ಕಾಯಿಲೆ ಅಲ್ಲೇ ಹೋಗುತ್ತದೆ. ಸ್ನೇಹಿತರೊಬ್ಬರ ಹಳೆಯ ಸ್ಟೀಲ್‌ನಲ್ಲಿ ಮೂರನೆಯ ತಂತಿ ಯಾವಾಗಲೂ ಇಳಿಯುತ್ತಿತ್ತು. ಅವರು ಬಿರಡೆಗಳನ್ನು ಬದಲಿಸಿದರು, ಆದರೂ ಇಳಿಯುತ್ತಿತ್ತು. ಕೊನೆಗೆ ನೋಡಿದರೆ ಆ ತೋಡು ತಂತಿಗಿಂತ ಕೂದಲೆಳೆಯಷ್ಟು ಕಿರಿದಾಗಿತ್ತು, ಅಷ್ಟೇ.

ತಪ್ಪು ನಟ್‌ನದ್ದಲ್ಲ ಅಂತ ಖಾತ್ರಿಯಾದರೆ ಬಿರಡೆಯ ಕಡೆ ಬನ್ನಿ. ತಂತಿ ಸಡಿಲಿಸಿ, ಬಿರಡೆಯಲ್ಲಿ ತಂತಿ ಸುತ್ತುವ ಕಂಬವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ವಾಲಿದರೆ ಬುಶ್, ಅಂದರೆ ತೂತಿನಲ್ಲಿ ಕಂಬವನ್ನು ಹಿಡಿದಿರುವ ಲೋಹದ ಬಳೆ, ಸವೆದಿದೆ. ಗುಂಡಿ ಕಾಲು ಸುತ್ತು ತಿರುಗಿದರೂ ಕಂಬ ಕದಲದಿದ್ದರೆ ಹಲ್ಲುಚಕ್ರ ಸವೆದಿರಬಹುದು, ಇಲ್ಲವೇ ಅದನ್ನು ಹಿಡಿದಿರುವ ಪುಟ್ಟ ಸ್ಕ್ರೂ ಸಡಿಲವಾಗಿರಬಹುದು. ಆ ಸ್ಕ್ರೂ ಬಿಗಿ ಮಾಡಿ ನೋಡಿ, ಒಂದು ನಿಮಿಷದ ಕೆಲಸ.

ಹಲ್ಲು ಸವೆಯುವ ರೀತಿಯನ್ನೂ ಗಮನಿಸಿ. ಚಕ್ರದಲ್ಲಿ ಹನ್ನೆರಡೋ ಹದಿನಾಲ್ಕೋ ಹಲ್ಲುಗಳಿದ್ದರೂ ಶ್ರುತಿ ಕೂಡುವ ಜಾಗ ಪ್ರತಿ ಸಲ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಪೂರ್ತಿ ಭಾರ ಬೀಳುವುದು ಎರಡು ಮೂರು ಹಲ್ಲುಗಳ ಮೇಲೆ. ಲ್ಯಾಪ್ ಸ್ಟೀಲ್‌ನಲ್ಲಿ ಇದು ಇನ್ನೂ ಜಾಸ್ತಿ. ಸಿ6 ಶ್ರುತಿಯಲ್ಲಿ (ತಂತಿಗಳನ್ನು ಸಿ, ಇ, ಜಿ, ಎ ಸ್ವರಗಳಿಗೆ ಕೂಡಿಸುವ ಕ್ರಮ) ನುಡಿಸುತ್ತಿರುವವರು ನಡುವೆ ಆರನೆಯ ತಂತಿಯನ್ನು ಸಿ ಇಂದ ಸಿ ಶಾರ್ಪ್‌ಗೆ ಏರಿಸುತ್ತಾರೆ, ಮತ್ತೆ ಇಳಿಸುತ್ತಾರೆ. ಅದೇ ಹಲ್ಲುಗಳು, ಅದೇ ಸವೆತ. ಮುಂದಿನ ಸಲ ತಂತಿ ಹಾಕುವಾಗ ಅರ್ಧ ಸುತ್ತು ಹೆಚ್ಚು ಸುತ್ತಿ. ಸವೆಯದ ಹಲ್ಲುಗಳು ಕೆಲಸಕ್ಕೆ ಬರುತ್ತವೆ. ಈ ಉಪಾಯದಿಂದ ವರ್ಷಗಟ್ಟಲೆ ಓಡಿದ ಬಿರಡೆಗಳನ್ನು ನಾನು ನೋಡಿದ್ದೇನೆ.

ಗುಂಡಿಯಷ್ಟೇ ಹೋಗಿದ್ದರೆ ಗುಂಡಿಯನ್ನಷ್ಟೇ ಬದಲಿಸಿ. ಆ ಕಾಲದ ಪ್ಲಾಸ್ಟಿಕ್ ವಯಸ್ಸಾದಂತೆ ಕುಗ್ಗಿ, ಬಿರುಕು ಬಿಟ್ಟು, ಬೆಲ್ಲದ ಪುಡಿಯ ಹಾಗೆ ಉದುರುತ್ತದೆ. ಉಳಿದ ಚೂರುಗಳನ್ನು ಇಕ್ಕಳದಲ್ಲಿ ಹಿಂಡಿ ತೆಗೆಯಿರಿ, ಬಿಸಿ ಮಾಡಿ ತೆಗೆಯಬೇಡಿ. ಅದು ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಬಿಸಿ ಬೇಕಾಗುವುದು ಹೊಸ ಗುಂಡಿ ಕೂರಿಸುವಾಗ. ಸೋಲ್ಡರಿಂಗ್ ಐರನ್‌ನ ತುದಿಯನ್ನು ಬಿರಡೆಯ ಚಪ್ಪಟೆ ಕಡ್ಡಿಗೆ ಹಿಡಿಯಿರಿ. ಕಡ್ಡಿ ಬಿಸಿಯಾದ ಮೇಲೆ ಐರನ್ ತೆಗೆದು ಗುಂಡಿಯನ್ನು ಮೆಲ್ಲಗೆ ಒತ್ತಿ. ಗುಂಡಿಯ ಒಳಗಿನ ಪ್ಲಾಸ್ಟಿಕ್ ಸ್ವಲ್ಪ ಕರಗಿ ಕಡ್ಡಿಯನ್ನು ಕಚ್ಚಿಕೊಳ್ಳುತ್ತದೆ. ಆರುವವರೆಗೂ ಅಲ್ಲಾಡಿಸದೆ ನೆಟ್ಟಗೆ ಹಿಡಿದಿರಿ. ಬಿಸಿ ಜಾಸ್ತಿಯಾದರೆ ಗುಂಡಿ ಸೊಟ್ಟಗೆ ಕೂರುತ್ತದೆ, ಆಮೇಲೆ ತಿರುಗಿಸಿದಾಗಲೆಲ್ಲ ಅದು ಕಣ್ಣಿಗೆ ಚುಚ್ಚುತ್ತದೆ.

ಇಷ್ಟೆಲ್ಲ ಮಾಡಿದರೂ ಬಿರಡೆ ಕೆಟ್ಟಿದ್ದೇ ನಿಜವಾದರೆ ಬದಲಿಸಲೇಬೇಕು, ಅದರಲ್ಲಿ ಮುಜುಗರವಿಲ್ಲ. ಸ್ಟೀಲ್ ಸರಳು ಎಲ್ಲ ತಂತಿಗಳ ಮೇಲೂ ಒಂದೇ ಗೆರೆಯಲ್ಲಿ ಕೂರುತ್ತದೆ. ಒಂದು ತಂತಿ ತಪ್ಪಿದರೂ ಕಿವಿಗೆ ತಕ್ಷಣ ಗೊತ್ತಾಗುತ್ತದೆ, ಬೆರಳಿನಿಂದ ಸರಿದೂಗಿಸಲು ಆಗುವುದಿಲ್ಲ. ನುಡಿಸಲಾಗದ ವಾದ್ಯವನ್ನು ಅಪ್ಪಟವಾಗಿ ಇಟ್ಟುಕೊಂಡು ಏನು ಮಾಡುವುದು?

ಆ ಕಾಲದ ಎಷ್ಟೋ ಅಮೆರಿಕನ್ ಸ್ಟೀಲ್‌ಗಳಿಗೆ ಶಿಕಾಗೋದ ಕ್ಲೂಸನ್ ಕಂಪನಿ ಬಿರಡೆ ಒದಗಿಸುತ್ತಿತ್ತು. ಅದೇ ಮಾದರಿಯ, ಒಂದು ಪಟ್ಟಿಗೆ ಮೂರು ಬಿರಡೆಯ ಜೋಡಿಗಳು ಈಗಲೂ ತಯಾರಾಗುತ್ತವೆ. ಕಂಬದ ದಪ್ಪ ಸಾಮಾನ್ಯವಾಗಿ ಕಾಲು ಇಂಚು, ಅಂದರೆ 6.35 ಮಿ.ಮೀ. ಆದರೆ ಫೋಟೋ ನೋಡಿ ತರಿಸಬೇಡಿ. ಕ್ಯಾಲಿಪರ್ ಹಿಡಿದು ಅಳೆಯಿರಿ. ಎಲ್ಲಕ್ಕಿಂತ ಮುಖ್ಯ ಕಂಬದಿಂದ ಕಂಬಕ್ಕೆ ಇರುವ ದೂರ. ಮೊದಲ ಕಂಬದ ಎಡ ಅಂಚಿನಿಂದ ಮೂರನೆಯ ಕಂಬದ ಎಡ ಅಂಚಿಗೆ ಅಳೆದು ಅರ್ಧ ಮಾಡಿ, ಲೆಕ್ಕ ಕರಾರುವಾಕ್ಕಾಗಿ ಬರುತ್ತದೆ. ಒಂದು ಅಂತರದಲ್ಲಿ ಬರೀ 0.7 ಮಿ.ಮೀ. ವ್ಯತ್ಯಾಸವಿದ್ದರೂ ಮೂರನೆಯ ಕಂಬದ ಹೊತ್ತಿಗೆ ಅದು 1.4 ಮಿ.ಮೀ. ಆಗುತ್ತದೆ. ಒತ್ತಿ ಕೂರಿಸಿದರೆ ಕಂಬ ಬುಶ್‌ಗೆ ಉಜ್ಜಿ, ಹೊಸ ಬಿರಡೆಯೂ ಹಳೆಯದರಷ್ಟೇ ಬಿಗಿಯಾಗಿ ತಿರುಗುತ್ತದೆ. ಕಂಬದ ಎತ್ತರ, ತಲೆಯ ದಪ್ಪ, ಸ್ಕ್ರೂ ತೂತುಗಳ ಜಾಗ, ಗುಂಡಿ ತಲೆಯ ಅಂಚಿನಿಂದ ಎಷ್ಟು ಹೊರಗಿದೆ ಎಂಬುದು, ಇಷ್ಟನ್ನೂ ಬರೆದಿಟ್ಟುಕೊಳ್ಳಿ.

ಹಳೆಯ ಸ್ಕ್ರೂ ಬಿಚ್ಚುವಾಗ ಆತುರ ಬೇಡ. ತಲೆ ಮುರಿದರೆ ಉಳಿದದ್ದು ಮರದೊಳಗೇ ಉಳಿಯುತ್ತದೆ. ಬರದಿದ್ದರೆ ಐರನ್ ತುದಿಯನ್ನು ಸ್ಕ್ರೂ ತಲೆಯ ಮೇಲೆ ಅರ್ಧ ನಿಮಿಷ ಇಡಿ, ತಣ್ಣಗಾಗಲು ಬಿಡಿ. ಮೊದಲು ಒಂದೇ ಒಂದು ಎಳೆಯಷ್ಟು ಬಿಗಿ ಮಾಡಿ, ನಂತರ ಬಿಚ್ಚಿ. 'ಟಕ್' ಎಂದು ತುಕ್ಕಿನ ಹಿಡಿತ ಬಿಟ್ಟದ್ದು ಕೈಗೇ ತಿಳಿಯುತ್ತದೆ. ತೂತು ದೊಡ್ಡದಾಗಿದ್ದರೆ ಮರದ ಹಲ್ಲುಕಡ್ಡಿಗೆ ಅಂಟು ಸವರಿ ತುಂಬಿ, ಒಂದು ರಾತ್ರಿ ಬಿಡಿ. ಹೊಸ ಸ್ಕ್ರೂಗೆ ಜೇನುಮೇಣ ಹಚ್ಚಿ. ಸೋಪು ಬೇಡ, ಅದು ತೇವ ಎಳೆಯುತ್ತದೆ.

10 ಮಿ.ಮೀ. ಬಿರಡೆಗಳ ವಿಷಯ: ಅವು ಒಳ್ಳೆಯವೇ. 18:1 ಗೇರ್ (ಗುಂಡಿ 18 ಸುತ್ತು ತಿರುಗಿದರೆ ಕಂಬ ಒಂದು ಸುತ್ತು) ಇರುವವುಗಳಲ್ಲಿ ಶ್ರುತಿ ನವಿರಾಗಿ ಕೂಡುತ್ತದೆ. ಹಿಂದೆ ಯಾರಾದರೂ ನಿಮ್ಮ ಗಿಟಾರ್‌ನ ತೂತು ಈಗಾಗಲೇ ದೊಡ್ಡದು ಮಾಡಿದ್ದರೆ ಅವನ್ನು ಧಾರಾಳವಾಗಿ ಹಾಕಿ. ಅಥವಾ ಹೊರಗೆ 10 ಮಿ.ಮೀ., ಒಳಗೆ ಕಾಲು ಇಂಚು ಇರುವ ಬುಶ್ ಕೂರಿಸಿ ಹಳೆಯ ಮಾದರಿಗೇ ಮರಳಿ. ತೂತು ಮೂಲದ್ದೇ ಆಗಿದ್ದರೆ ಮಾತ್ರ ನನ್ನ ಉತ್ತರ ಬೇಡ ಎಂದೇ. ತೆಗೆದ ಬಿರಡೆ, ಬುಶ್, ಸ್ಕ್ರೂ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಗಿಟಾರ್ ಪೆಟ್ಟಿಗೆಯಲ್ಲೇ ಇಡಿ. ಉದುರಿದ ಗುಂಡಿಯ ಚೂರುಗಳನ್ನು ಮಾತ್ರ ಇಡಬೇಡಿ, ಕೊಳೆಯುವ ಸೆಲ್ಯುಲಾಯ್ಡ್‌ನ ಆವಿ ಸುತ್ತಲಿನ ಲೋಹವನ್ನು ತಿನ್ನುತ್ತದೆ.

ಪ್ರಶ್ನೆ: ನನ್ನದು ಅಲ್ಯೂಮಿನಿಯಂ ಮೈಯ ಹಳೆಯ ಸ್ಟೀಲ್. ಹೊಸ ಬಿರಡೆ ಹಾಕಿಸಿದ ಮೇಲೂ ನುಡಿಸಲು ಕೂತ ಅರ್ಧ ಗಂಟೆಗೆ ಶ್ರುತಿ ಸರಿಯುತ್ತದೆ. ಬಿರಡೆ ಕಳಪೆಯೇ?

ಉತ್ತರ: ಒಂದೇ ತಂತಿ ಸರಿದರೆ ಬಿರಡೆಯನ್ನೋ ನಟ್ಟನ್ನೋ ಅನುಮಾನಿಸಿ. ಎಲ್ಲ ತಂತಿಗಳೂ ಒಟ್ಟಿಗೆ ಸರಿದರೆ ಅದು ಮೈಯ ಸ್ವಭಾವ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ತೊಡೆಯ ಶಾಖಕ್ಕೆ, ವೇದಿಕೆಯ ದೀಪಕ್ಕೆ ಮೈ ಬೆಚ್ಚಗಾಗುತ್ತಾ ತಂತಿಗಳನ್ನು ಎಳೆಯುತ್ತದೆ. 1932ರಲ್ಲಿ ಮಾರುಕಟ್ಟೆಗೆ ಬಂದ, ಅಲ್ಯೂಮಿನಿಯಂ ಮೈಯ ರಿಕನ್‌ಬ್ಯಾಕರ್‌ನ 'ಫ್ರೈಯಿಂಗ್ ಪ್ಯಾನ್' ಸ್ಟೀಲ್‌ಗೂ ಇದೇ ಕಷ್ಟ ಇತ್ತು. ಕೆಲವೇ ವರ್ಷಗಳಲ್ಲಿ ಅದೇ ಕಂಪನಿ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಮೈಯ ಸ್ಟೀಲ್ ಕೂಡ ತಂದಿತು. ನಿಮ್ಮ ಬಿರಡೆಗಳನ್ನು ಬೈಯಬೇಡಿ. ನುಡಿಸುವ ಅರ್ಧ ಗಂಟೆ ಮೊದಲೇ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಳ್ಳಿ, ಆಮೇಲೆ ಶ್ರುತಿ ಕೂಡಿಸಿ.